ಪ್ರತಿ ಬಾಣಕ್ಕೂ ಒಬ್ಬ ಮಾಲೀಕ

ನಮ್ಮ ಸೀಮೆಯಲ್ಲಿ ಭೌತಶಾಸ್ತ್ರ ಬೋಧಿಸಿದವರು ಅನೇಕರು. ಆದರೆ ಬಲ ಮತ್ತು ಚಲನೆಯ ಪಾಠವೆಂದೊಡನೆ ರಾಮದುರ್ಗದಿಂದ ಕಿತ್ತೂರಿನವರೆಗಿನ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವ ಹೆಸರು ಶ್ರೀಮತಿ ಅನ್ನಪೂರ್ಣಾ ಯರಗಟ್ಟಿಯವರದು. ಬೈಲಹೊಂಗಲದ ಪದವಿಪೂರ್ವ ಕಾಲೇಜಿನಿಂದ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಅವರನ್ನು ಕುರಿತು ಬರೆಯುವುದು ಸಹೋದ್ಯೋಗಿಗಳಿಗೆ ಸಂತೋಷದ ಕೆಲಸ, ತುಸು ಅಂಜಿಕೆಯ ಕೆಲಸವೂ ಹೌದು. ಆಧಾರವಿಲ್ಲದ ಹೊಗಳಿಕೆ ಕಣ್ಣಿಗೆ ಬಿದ್ದರೆ ಅವರು ಪೆನ್ಸಿಲ್ ಎತ್ತಿಕೊಳ್ಳುತ್ತಾರೆ.

ಅವರು ರಾಮದುರ್ಗದಲ್ಲಿ ಸೇವೆಗೆ ಸೇರಿದಾಗ ಪ್ರಯೋಗಾಲಯವೆಂಬುದು ಬೀಗ ಜಡಿದ ಕೋಣೆಯಾಗಿತ್ತು. ಕೀಲಿ ಯಾರ ಬಳಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮೇಡಂ ಬಾವಿಯ ರಾಟೆಯೊಂದನ್ನು ತಂದು ಕಿಟಕಿಯ ಸರಳಿಗೆ ಕಟ್ಟಿ, ಹಗ್ಗದ ಎರಡೂ ತುದಿಗೆ ಜೋಳದ ಗಂಟುಗಳನ್ನು ತೂಗುಬಿಟ್ಟು ಪಾಠ ಶುರುಮಾಡಿದರು. ಸವದತ್ತಿಗೆ ವರ್ಗವಾದ ಮೇಲೆ, ಬಸ್ಸು ತಪ್ಪಿದ ಮುನವಳ್ಳಿಯ ಮಕ್ಕಳಿಗೆ ತಮ್ಮ ಬುತ್ತಿಯ ರೊಟ್ಟಿ ಹಂಚಿ, ಮುಂದಿನ ಬಸ್ಸು ಬರುವವರೆಗೂ ಲೆಕ್ಕ ಬಿಡಿಸುತ್ತ ಕೂರುತ್ತಿದ್ದರು. ಆ ಮಕ್ಕಳಲ್ಲಿ ರೊಟ್ಟಿಗಾಗಿಯೇ ಬಸ್ಸು ತಪ್ಪಿಸಿಕೊಂಡವರು ಯಾರೆಂದು ಮೇಡಂ ಎಂದೂ ವಿಚಾರಿಸಲಿಲ್ಲ.

ಅವರ ಪಾಠಕ್ಕೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ವಸ್ತುವಿನ ಮೇಲಿನ ಬಲವನ್ನು ಬಾಣವಾಗಿ ಬರೆದರೆ, ಆ ಬಲವನ್ನು ಹಾಕುವವರ ಹೆಸರನ್ನೂ ಪಕ್ಕದಲ್ಲಿ ಬರೆಯಬೇಕು: ಭೂಮಿ, ರಸ್ತೆ, ಹಗ್ಗ, ಕೈ. ಮಾಲೀಕನಿಲ್ಲದ ಬಾಣಕ್ಕೆ ಅವರ ತರಗತಿಯಲ್ಲಿ ಜಾಗವಿರಲಿಲ್ಲ. ಈ ಚಟ ಸಿಬ್ಬಂದಿ ಸಭೆಗೂ ಹಬ್ಬಿತ್ತು. ಹೊಸ ನಿಯಮವೊಂದನ್ನು ಓದಿದೊಡನೆ ಅವರು ಶಾಂತವಾಗಿ, “ಇದರ ಮಾಲೀಕರು ಯಾರ್ರಿ ಸರ?” ಎಂದು ಕೇಳುತ್ತಿದ್ದರು, ಪ್ರಾಚಾರ್ಯರು ನೀರು ಕುಡಿಯುತ್ತಿದ್ದರು.

ಬೈಲಹೊಂಗಲದಲ್ಲಿ ಅವರ ಕೈಗೆ ಸಿಕ್ಕವಳು ಭಾಗೀರಥಿ. ಎಂ.ಕೆ. ಹುಬ್ಬಳ್ಳಿಯ ಕಡೆಯ ಹುಡುಗಿ. ತಂದೆ ಶಟ್ಟೆಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳಾಗಿ, ಹಟ ಹಿಡಿದು ವಿಜ್ಞಾನ ಸೇರಿದ್ದಳು. ಮೊದಲ ಕಿರುಪರೀಕ್ಷೆಯಲ್ಲಿ ಬಲದ ಲೆಕ್ಕ ಒಂದೂ ಸರಿಹೋಗಲಿಲ್ಲ. ವಿಭಾಗ ಬದಲಿಸಿಕೊಳ್ಳಲು ಮರುದಿನವೇ ಕೊನೆಯ ದಿನ. ಆಸೆಪಟ್ಟು ಹಿಡಿದದ್ದನ್ನು ಬಿಟ್ಟುಬಿಡುವ ಸಂಕಟದಲ್ಲಿ ಅವಳು ಮೇಡಂ ಮುಂದೆ ಬಂದು ನಿಂತಳು.

“ಆರ್ಟ್ಸಿಗೆ ಹೋಗತೇನ್ರಿ ಮೇಡಂ. ನನಗ ಇದು ಬಗೀಹರಿಯಾಂಗಿಲ್ರಿ.”

“ಹೋಗವಾ, ಯಾರು ಬ್ಯಾಡ ಅಂದಾರ? ಒಂದು ಲೆಕ್ಕ ಮಾಡಿ ಹೋಗು. ಟ್ರ್ಯಾಕ್ಟರಿನ ಹಿಂದ ಎರಡು ಕಬ್ಬಿನ ಟ್ರೇಲರ್. ಹಿಂದಿಂದನ್ನ ಜೋಡಿಸಿದ ಪಿನ್ ಮುರದೈತಿ, ಆ ಟ್ರೇಲರ್ ಇನ್ನೂ ಓಡಾಕತ್ತೈತಿ. ಅದರ ಮ್ಯಾಲೆ ಏನೇನು ಬಲ ಅದಾವ ಬರಿ.”

ಭಾಗೀರಥಿ ಕೆಳಗೊಂದು ಬಾಣ ಎಳೆದು ಭೂಮಿ ಎಂದಳು, ಮೇಲಕ್ಕೊಂದು ಎಳೆದು ರಸ್ತೆ ಎಂದಳು. ಆಮೇಲೆ ಮುಂದಕ್ಕೆ ಎಲ್ಲಕ್ಕಿಂತ ಉದ್ದದ ಬಾಣವೊಂದನ್ನು ಎಳೆದು, ಹೆಸರು ಹೇಳದೆ ಪೆನ್ಸಿಲ್ ಕೆಳಗಿಟ್ಟಳು.

“ಇದರ ಮಾಲೀಕ ಯಾರವಾ?”

“ಟ್ರ್ಯಾಕ್ಟರ್ ರೀ.”

“ಪಿನ್ ಮುರದೈತಿ. ಟ್ರ್ಯಾಕ್ಟರ್ ಮುಂದ ಹೋತು.”

“ಅದರ ಜೋರು ಟ್ರೇಲರಿನ್ಯಾಗ ಉಳದಿರತೈತ್ರಿ. ಬಿಚ್ಚಿದ ಟ್ರೇಲರ್ ಮುಂದ ನಿಂದರಬ್ಯಾಡ ಅಂತ ನಮ್ಮಪ್ಪ ಅದಕ್ಕ ಹೇಳತಾನ್ರಿ.”

ಕಬ್ಬಿನ ಊರಿನ ಮಕ್ಕಳೆಲ್ಲ ಕೇಳಿ ಬೆಳೆದ ಮಾತದು. ಮೇಡಂ ನಗಲಿಲ್ಲ.

“ಅಪ್ಪ ಹೇಳಿದ್ದು ಜೀವಾ ಉಳಸೂ ಮಾತು, ಮರೀಬ್ಯಾಡ. ಆದರ ಅದರಾಗ ಉಳದಿದ್ದು ಓಟ. ಓಟ ಬ್ಯಾರೆ, ಬಲ ಬ್ಯಾರೆ. ಓಟ ಇದ್ದಂಗ ಇರಾಕ ಯಾರೂ ದಬ್ಬೂದು ಬೇಕಾಗಿಲ್ಲ. ಅದನ್ನ ಬದಲಿ ಮಾಡಾಕ ಬಲ ಬೇಕು. ಈಗ ಅದನ್ನ ನಿಂದರಸಾವರು ಯಾರು, ಹೇಳು.”

ಹುಡುಗಿ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಮುಂದಕ್ಕೆ ಎಳೆದಿದ್ದ ಬಾಣವನ್ನು ರಬ್ಬರಿನಿಂದ ಅಳಿಸಿ, ಹಿಂದಕ್ಕೊಂದು ಚಿಕ್ಕ ಬಾಣ ಎಳೆದಳು. “ರಸ್ತೆನ ರೀ. ಗಾಲಿಗೆ ಹತ್ತಿ ಹಿಂದಕ್ಕ ತಡೀತೈತಿ.”

“ಮತ್ತ ಬಗೀಹರೀತಲ್ಲ,” ಎಂದರು ಮೇಡಂ, ಬುತ್ತಿ ಬಿಚ್ಚುತ್ತ.

ಮರುದಿನ ಭಾಗೀರಥಿ ಕಚೇರಿಯ ಕಡೆ ಹೋಗಲಿಲ್ಲ, ಭೌತಶಾಸ್ತ್ರದ ತರಗತಿಯ ಮೊದಲ ಬೆಂಚಿನಲ್ಲಿ ಬಂದು ಕುಳಿತಳು. ಇಳಿಜಾರು, ರಾಟೆ, ಹಗ್ಗ ಎಂದು ದಿನಕ್ಕೊಂದು ಲೆಕ್ಕ ತಂದು ಮೇಡಂ ತಲೆ ತಿಂದಳು. ಎಷ್ಟೋ ತಪ್ಪಿದವು; ತಪ್ಪಿದ್ದನ್ನು ಮೇಡಂ ಎಂದೂ ಕೆಂಪು ಶಾಯಿಯಲ್ಲಿ ಹೊಡೆಯಲಿಲ್ಲ, ಮಾಲೀಕನನ್ನಷ್ಟೇ ಕೇಳಿದರು. ಅಂದಿನ ಆ ಹುಡುಗಿ ಈಗ ಕಿತ್ತೂರಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ ಭಾಗೀರಥಿಯವರು.

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಗಳು ಸೇರಿದಾಗ ಮೇಡಂ ಎಂದಿನಂತೆ ಹೊಗಳಿಕೆಯನ್ನು ಪಕ್ಕಕ್ಕೆ ಸರಿಸಿ, “ನೀವು ನಿಮ್ಮ ಓಟದಲೆ ಬಂದೀರಿ, ನಾ ಏನೂ ದಬ್ಬಿಲ್ಲ,” ಎಂದರು. ಭಾಗೀರಥಿಯವರು ಎದ್ದು ನಿಂತರು.

“ನಾ ಆರ್ಟ್ಸಿನ ಕಡೆ ಹೊಂಟಿದ್ದೆ ರೀ ಮೇಡಂ. ಆ ದಿನ ನನ್ನ ದಿಕ್ಕು ಬದಲಾತು. ದಿಕ್ಕು ಬದಲಾಗಾಕ ಬಲ ಬೇಕ್ರಿ, ಬಲಕ್ಕ ಮಾಲೀಕ ಇರಬೇಕ್ರಿ. ನನ್ನ ಚಿತ್ರದಾಗ ಆ ಬಾಣಕ್ಕ ನಿಮ್ಮ ಹೆಸರು ಬರದೇನ್ರಿ.”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಉತ್ತರ ತಪ್ಪೆಂದು ಮಾತ್ರ ಹೇಳಲಿಲ್ಲ.

ಅವರಿಗೆ ಆಯುಷ್ಯ, ಆರೋಗ್ಯ ತುಂಬಿ ಬರಲಿ. ಮನೆಯ ಪಡಸಾಲೆಯಲ್ಲಿ ಲೆಕ್ಕದ ಪಾಠ ಇನ್ನೂ ಬಹುಕಾಲ ನಡೆಯಲಿ, ರೊಟ್ಟಿಯೂ ಇರಲಿ. ಈ ಹಾರೈಕೆಯ ಮಾಲೀಕರು ಯಾರೆಂದು ಅವರು ಖಂಡಿತ ಕೇಳುತ್ತಾರೆ. ಕೇಳಲಿ, ರಾಮದುರ್ಗದಿಂದ ಕಿತ್ತೂರಿನವರೆಗೆ ಅವರ ಮಕ್ಕಳೆಲ್ಲ ಕೈ ಎತ್ತುತ್ತಾರೆ.