ಆಪರೇಷನ್ ಥಿಯೇಟರಿನಲ್ಲಿ ವೇಣು ತೆಗೆದ ಫೋಟೋ

ಆಪರೇಷನ್ ಥಿಯೇಟರಿನಲ್ಲಿ ಮದುವೆ ಫೋಟೋಗ್ರಾಫರ್ ವೇಣು ಅಭ್ಯಾಸಬಲದಿಂದ "ಸ್ವಲ್ಪ ನಗಿ ಮೇಡಂ" ಎಂದುಬಿಟ್ಟ. ಹೊಟ್ಟೆಯ ಗಡ್ಡೆ ತೆಗೆಯಲು ನಿಂತಿದ್ದ ಡಾಕ್ಟರ್ ಶಿರೀಷಾ ಮುಖಗವಸಿನೊಳಗೇ ಹಲ್ಲು ಕಡಿದರು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇನ್ನೂ ರೀಲು ಕ್ಯಾಮೆರಾ ಹಿಡಿಯುವವನು ಅವನೊಬ್ಬನೇ. ರೀಲು ಫೋಟೋಗಳ ಹುಚ್ಚಿದ್ದ ಡಾಕ್ಟರು ವಿದ್ಯಾರ್ಥಿಗಳಿಗೆ ಪಾಠ ಹೇಳಲು ಆಪರೇಷನ್ನಿನ ಫೋಟೋ ಬೇಕೆಂದು ಅವನನ್ನೇ ಕರೆಸಿದ್ದರು.

ರೀಲು ತೊಳೆದು ನೋಡಿದರೆ ಅಷ್ಟೂ ಫೋಟೋಗಳಲ್ಲಿ ಬರೀ ಚಾವಣಿಯ ದೀಪ.

"ಮದುವೆ ಮನೇಲೂ ಬರೀ ಸೀರಿಯಲ್ ಸೆಟ್ ದೀಪಾನೇ ತೆಗೀತೀಯೇನಪ್ಪ?" ಎಂದರು ಡಾಕ್ಟರು. ವೇಣುವಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ತಲೆ ತಗ್ಗಿಸಿ ಹೊರಟವನನ್ನು ವಾರ್ಡಿನಲ್ಲಿ ಗಂಗುಲಮ್ಮ ಕೈಹಿಡಿದು ಕೂರಿಸಿಕೊಂಡಳು. ಆಪರೇಷನ್ ಆದದ್ದು ಅವಳಿಗೇ. ಜಂಗಮಕೋಟೆಯಲ್ಲಿ ಅವನದೇ ಬೀದಿಯವಳು.

"ನನ್ನ ಹೊಟ್ಟೆ ಒಳಗಡೆ ನೋಡಿರೋನು ನಮ್ಮೂರಲ್ಲಿ ನೀನೊಬ್ನೇ ಕಣಪ್ಪ. ಹೇಳು, ಹೆಂಗೈತೆ?"

"ಗೊತ್ತಿಲ್ಲಮ್ಮ," ಎಂದ ವೇಣು. "ನಿನ್ ಜೊತೇಲೇ ಕಣ್ ಮುಚ್ಚಿದೋನು, ಹೊಲಿಗೆ ಹಾಕಿದ್ಮೇಲೇ ಬಿಟ್ಟಿದ್ದು."