ಉಳವಪ್ಪನವರು ರೆಕ್ಯೂಸ್ ಆದದ್ದು

ಹಿರೇವಡ್ಡಟ್ಟಿಯ ಉಳವಪ್ಪನವರಿಗೆ ಶಿವನು ಹೊಲವನ್ನು ಹದವಾಗಿಯೂ ಮಾತನ್ನು ಧಾರಾಳವಾಗಿಯೂ ಕೊಟ್ಟಿದ್ದನು. ಕಾರಹುಣ್ಣಿಮೆಯ ಸಂಜೆ ಊರಬಾಗಿಲಾದ ಅಗಸಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ, ಸಿಂಗರಿಸಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ, ಯಾವುದು ಮೊದಲು ದಾಟಿತೆಂದು ಸಾರುವ ಹಿರಿತನ ಅವರದು. ಬಿಳಿ ಎತ್ತು ಗೆದ್ದರೆ ಆ ವರ್ಷ ಜೋಳ, ಹತ್ತಿ ಹುಲುಸು. ಕೆಂದೆತ್ತು ಗೆದ್ದರೆ ತೊಗರಿ, ಶೇಂಗಾ. ಅವರ ಬಾಯಿಂದ ಬಂದ ಮಾತನ್ನು ಊರು ಎಂದೂ ಪ್ರಶ್ನಿಸಿರಲಿಲ್ಲ.

ಈ ವರ್ಷ ತಿರಕಪ್ಪನ ಕೆಂದೆತ್ತಿಗೆ ಎದುರಾಗಿ ಅವರದೇ ಬಿಳಿಯ ಹೋರಿ ಓಟಕ್ಕೆ ಸಿದ್ಧವಾಯಿತು. ಮನೆಯಲ್ಲೇ ಹುಟ್ಟಿ, ಅವರ ಕೈತುತ್ತು ತಿಂದು ಬೆಳೆದ ಹೋರಿ. ಅದು ಗೆಲ್ಲಬೇಕೆಂಬ ಆಸೆ ಎಷ್ಟೆಂದರೆ, ಪೂಜೆಗೆ ಕುಳಿತರೆ ಅಂಗೈಯ ಲಿಂಗದಲ್ಲಿಯೂ ಹೋರಿಯ ಡುಬ್ಬವೇ ಕಾಣುತ್ತಿತ್ತು.

ಗದಗದಲ್ಲಿ ಕಾನೂನು ಓದುತ್ತಿದ್ದ ಮೊಮ್ಮಗಳು ಶಾಂಭವಿ ರಜೆಗೆ ಬಂದವಳು, "ಮುತ್ಯಾ, ಈ ಸಲ ನೀ ರೆಕ್ಯೂಸ್ ಆಗಬೇಕು ನೋಡು" ಎಂದಳು.

"ಹಂಗಂದ್ರ ಏನವಾ? ಯಾವ ಬ್ಯಾನಿಗೆ ಮಾಡೂದದು?"

"ಬ್ಯಾನಿ ಅಲ್ಲ ಮುತ್ಯಾ. ವ್ಯಾಜ್ಯದಾಗ ತಮ್ಮ ಸ್ವಂತದ್ದು ಏನರ ಇದ್ರ, ನ್ಯಾಯಾಧೀಶರು ತಾವಾಗೇ ಕುರ್ಚಿ ಬಿಟ್ಟು ಹಿಂದ ಸರೀತಾರ. ಅದಕ್ಕ ರೆಕ್ಯೂಸ್ ಆಗೂದು ಅಂತಾರ."

ಪದ ಹಿಡಿಸಿತು. ಹಿಡಿಸಿದ್ದನ್ನು ಬಳಸದೆ ಬಿಡುವ ಜಾಯಮಾನ ಅವರದಲ್ಲ. ಪತ್ನಿ ಸಿದ್ದಲಿಂಗವ್ವ ಬದನೆಕಾಯಿ ಪಲ್ಯಕ್ಕೆ ಉಪ್ಪು ಸರಿಯಿದೆಯೇ ಎಂದು ಕೇಳಿದರೆ, "ಮಾಡಿದಾಕಿ ನನ್ನ ಹೇಂತಿ. ನಾ ರೆಕ್ಯೂಸ್ ಆಗೇನಿ" ಎಂದರು. ಸರಿಯಾದ ಬಳಕೆಯೆಂದು ಮೊಮ್ಮಗಳು ಮೆಚ್ಚಿದಳು. ಮರುದಿನ ಪತ್ನಿ ಮೇವು ತರಲು ಹೇಳಿದಾಗಲೂ ಅದೇ ಉತ್ತರ.

"ಇದು ತಪ್ಪು ಮುತ್ಯಾ. ತೀರ್ಪಿನಿಂದ ಸರಿಯಾಕ ಬರ್ತೈತಿ, ಕೆಲಸದಿಂದ ಅಲ್ಲ."

"ಅದಕ್ಕ ಇಂಗ್ಲಿಷ್ ಯಾಕ ಬೇಕು?" ಎಂದರು ಸಿದ್ದಲಿಂಗವ್ವ. "ಲಗ್ನ ಆದಾಗಿಂದ ಕನ್ನಡದಾಗ ಸರಕೋಂತ ಬಂದಾರ."

ಹುಣ್ಣಿಮೆಯ ಸಂಜೆ ಉಳವಪ್ಪನವರು ಅಗಸಿಯ ಕಟ್ಟೆಯೇರಿ, ಪದದ ಅರ್ಥವನ್ನು ಪುರಾಣ ಹೇಳುವಂತೆ ವಿಸ್ತರಿಸಿ, ಹಿಂದೆ ಸರಿದರು. ಅಲ್ಲಿಗೇ ಪಜೀತಿ ಆರಂಭವಾಯಿತು. ಸದ್ಗುಣವೂ ಅಂಟುಜಾಡ್ಯದಂತೆ ಹಬ್ಬುವುದುಂಟು.

"ನಂದು ತೊಗರಿ ಹೊಲ. ಕೆಂದ ಗೆಲ್ಲಲಿ ಅನಸ್ತೈತಿ. ನಾನೂ ರೆಕ್ಯೂಸ್" ಎಂದರು ಒಬ್ಬ ಹಿರಿಯರು.

"ನಂದು ಹತ್ತಿ. ನಾನೂ ಒಲ್ಲೆ" ಎಂದರು ಮತ್ತೊಬ್ಬರು.

ಗುಡಿಯ ಪೂಜಾರಿಗಳು ಎರಡೂ ಎತ್ತಿಗೆ ಗೆಲ್ಲೆಂದು ಹರಸಿದ್ದರಿಂದ ಎರಡು ಸಲ ರೆಕ್ಯೂಸ್ ಆದರು. ಊರವರೆಲ್ಲ ಧರ್ಮಾತ್ಮರಾಗಿ ನಿಂತರು. ಎತ್ತುಗಳು ಮಣ್ಣು ಕೆದರತೊಡಗಿದವು.

ಗುಂಪಿನ ಹಿಂದೆ ಮುಂಡರಗಿಯ ಬಸ್ಸು ಸಿಕ್ಕಿಕೊಂಡಿತ್ತು. ಅದರಿಂದಿಳಿದು ಇಣುಕುತ್ತಿದ್ದ ಲಕ್ಷ್ಮೇಶ್ವರದ ಬಳೆಗಾರ್ತಿ ಮೋತಿಬಿಯನ್ನು ಶಾಂಭವಿ ಕಂಡಳು.

"ಅಕ್ಕಾರ, ನಿಮಗ ಹೊಲ ಐತೇನ್ರಿ? ಈ ಊರಾಗ ಬೀಗರು?"

"ಹೊಲ ಎಲ್ಲೀದವಾ, ಬಳಿ ಬುಟ್ಟಿ ಐತಿ. ಇಲ್ಲೀ ಎತ್ತಿಗೆ ನನ್ನ ಗುರುತಿಲ್ಲ, ನನಗ ಎತ್ತಿನ ಗುರುತಿಲ್ಲ. ಜಲ್ದಿ ಮುಗಸ್ರಿ, ಬಸ್ ಬಿಡ್ತೈತಿ."

ಅವಳನ್ನೇ ಕಟ್ಟೆಗೆ ಹತ್ತಿಸಿದರು. ಎತ್ತುಗಳು ಧೂಳೆಬ್ಬಿಸಿ ನುಗ್ಗಿದವು, ಹಗ್ಗ ಹರಿಯಿತು.

"ಕೆಂದಂದು," ಎಂದಳು ಮೋತಿಬಿ. "ಒಂದ ಮೂಗು ಮುಂದ." ಹೇಳಿದವಳೇ ಬಸ್ಸಿನತ್ತ ಓಡಿದಳು.

ಉಳವಪ್ಪನವರು ಕಟ್ಟೆಯತ್ತ ಎರಡು ಹೆಜ್ಜೆ ನುಗ್ಗಿದರು. ಅವರ ಕಣ್ಣಿಗೆ ಹೋರಿಯೇ ಸ್ಪಷ್ಟವಾಗಿ ಮುಂದಿತ್ತು. ಒಂದು ಮಾತು ಆಡಿದರೆ ಸಾಕು, ಊರು ಅವರ ಕಡೆಗೆ ತಿರುಗುತ್ತಿತ್ತು. ಮಾತು ಹಲ್ಲಿನ ತನಕ ಬಂದಿತ್ತು. ಸರಿದವನು ನಾಲಗೆಯನ್ನೂ ಜೊತೆಗೆ ಸರಿಸಬೇಕೆಂದು ಒಳಗಿನ ದೇವರೇ ಆ ಕ್ಷಣ ನೆನಪಿಸಿರಬೇಕು. ಅವರು ಅದನ್ನು ನುಂಗಿದರು.

ಕೆಂದೆತ್ತಿನ ಒಡೆಯ ತಿರಕಪ್ಪನಿಗೇ ಸಮಾಧಾನವಿರಲಿಲ್ಲ. ಹತ್ತಿರ ಬಂದು ಕೇಳಿದ: "ಅಣ್ಣಾ, ಖರೆ ಹೇಳು. ನಿನಗ ಯಾವುದು ಮುಂದ ಕಾಣ್ತು?"

"ನನ್ನ ಹೋರಿ."

ತಿರಕಪ್ಪನ ಮುಖ ಸಪ್ಪಗಾಯಿತು. "ಮತ್ತ ನಂದು?"

ಉಳವಪ್ಪನವರು ರುಮಾಲು ಸರಿಪಡಿಸಿಕೊಂಡರು. "ನಿಂದು ಕಾಣಲೇ ಇಲ್ಲಲೇ ತಿರಕಾ. ಅಗಸಿ ದಾಟೂತನಕ ನಂದನ್ನ ಬಿಟ್ಟು ಏನೂ ಕಾಣಲಿಲ್ಲ."

ಹಾಗೆಂದು ಗೆಲುವಿನ ಹಾರವನ್ನು ತಾವೇ ಕೆಂದೆತ್ತಿನ ಕೊರಳಿಗೆ ಹಾಕಿದರು. ಅದು ಅವರ ರುಮಾಲನ್ನು ಮೂಸಿತು. ಎಷ್ಟು ಚೆಲುವಾದ ಎತ್ತೆಂಬುದು ಅವರಿಗೆ ಆಗ ಮೊದಲ ಬಾರಿಗೆ ಕಂಡಿತು.