ಹುಣ್ಣಿಮೆಯನ್ನು ನಂಬಿದ ಸಾಹೇಬ

ದೋಣಿ ರಿಪೇರಿ ಅಂಗಳದಲ್ಲಿ ಅವನ ಕೆಲಸ ಇಷ್ಟೇ: ಪಟ್ಟಿ ನೋಡಿ, ಅಂದಿನ ಉಬ್ಬರ ಎಷ್ಟು ಹೊತ್ತಿಗೆ, ಎಷ್ಟು ಎತ್ತರ ಎಂದು ಗೇಟಿನ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು. ಕೈಗೆ ಗ್ರೀಸು ಹತ್ತದವನು ಅವನೊಬ್ಬನೇ ಆದ್ದರಿಂದ ಎಲ್ಲರ ಬಾಯಲ್ಲಿ ‘ಸಾಹೇಬ’. ಮೂರು ವರ್ಷ ಬರೆದ ಮೇಲೆ, ಕಡಲು ತನ್ನನ್ನು ಕೇಳಿಯೇ ಏರುತ್ತದೆ ಎಂಬ ಭ್ರಮೆ ಅವನಿಗೆ ಹತ್ತಿತ್ತು. ಹಾಗಾಗಿ ಅಕ್ಕನ ಗಂಡ, ರಿಪೇರಿಯಾದ ತನ್ನ ದೋಣಿಯನ್ನು ಯಾವತ್ತು ನೀರಿಗಿಳಿಸಲಿ ಎಂದಾಗ, “ಹುಣ್ಣಿಮೆ ದಿನ ಭಾವ. ಇದಕ್ಕೆಲ್ಲ ಪಟ್ಟಿ ಯಾಕೆ?” ಎಂದುಬಿಟ್ಟಿದ್ದ.

ಸೂರ್ಯ, ಚಂದ್ರ ಒಂದೇ ಗೆರೆಯಲ್ಲಿ ನಿಂತು ಎಳೆಯುವ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಹೆಚ್ಚು ಏರುತ್ತದೆ, ನಿಜ. ಆದರೆ ಕರೆದ ಕೂಡಲೇ ಓಡಿಬರಲು ಕಡಲೇನು ಹೊಸ ಅಳಿಯನೇ? ದೊಡ್ಡ ಉಬ್ಬರ ಬರುವುದು ಒಂದೆರಡು ದಿನ ತಡವಾಗಿ. ಹುಣ್ಣಿಮೆಯ ಮಧ್ಯಾಹ್ನ ದೋಣಿಯ ಹಗ್ಗ ಬಿಚ್ಚಿ ಇಳಿಜಾರಿನಲ್ಲಿ ಜಾರಿಸಿದರು. ನೀರು ಒಂದು ಗೇಣು ಕಡಿಮೆ. ದೋಣಿ ಕೆಸರಿನಲ್ಲಿ ಒಂದು ಮಗ್ಗುಲಿಗೆ ವಾಲಿ ಕೂತಿತು.

ಮರುದಿನವೂ ನೀರು ನಾಲ್ಕು ಬೆರಳು ಕಡಿಮೆ ಬಿತ್ತು. ಇನ್ನು ಮೂರನೆಯ ದಿನವೇ ಕೊನೆ. ಆಮೇಲೆ ಅರ್ಧಚಂದ್ರನವರೆಗೂ ಉಬ್ಬರ ಕುಗ್ಗುತ್ತಲೇ ಹೋಗಿ, ಮತ್ತೆ ಅಮಾವಾಸ್ಯೆಗೇ ಕಾಯಬೇಕು. ಅಷ್ಟು ದಿನ ವಾಲಿದ್ದರೆ ಹಲಗೆಗಳು ಬಾಯಿ ಬಿಡುತ್ತವೆ. ಭಾವನಿಗೆ ಬೇರೆ ದೋಣಿಯಿಲ್ಲ.

“ಸಾಹೇಬ್ರೇ, ನಿಮ್ಮ ಚಂದ್ರ ಇವತ್ತೇನೂ ರಜಾ ಹಾಕಿಲ್ಲ ತಾನೆ?” ಎಂದು ಮೂರನೆಯ ದಿನ ಅಂಗಳದ ಮುದಿ ಬಡಗಿ ಕೇಳಿದ. ಯಾರೂ ನಗಲಿಲ್ಲ.

ದಂಡೆಯಲ್ಲಿ ನಿಂತಿದ್ದ ಅಕ್ಕ, “ಬೈದ್ರೆ ನೀರು ಏರುತ್ತೆ ಅಂದಿದ್ರೆ ಬಾಯ್ತುಂಬ ಬೈತಿದ್ದೆ ಕಣೋ,” ಎಂದಳು.

ಎರಡು ಗಂಟೆಗೆ ನೀರು ತುಂಬಿತು. ದೋಣಿಯ ಮೂತಿ ಅಲುಗಿತು, ಎದ್ದಿತು. ಹಿಂಭಾಗ ಮಾತ್ರ ಕೆಸರನ್ನು ಬಿಡಲಿಲ್ಲ. ಸಾಹೇಬ ಧುಮುಕಿ, ಮಂಡಿಯೂರಿ, ಗಲ್ಲದವರೆಗಿನ ನೀರಿನಲ್ಲಿ ಅಡಿಯ ಕೆಸರನ್ನು ಬರಿಗೈಯಲ್ಲಿ ಬಾಚತೊಡಗಿದ. ಉಗುರು ಕಿತ್ತುಬಂದದ್ದೂ ತಿಳಿಯಲಿಲ್ಲ.

“ಬಾರೋ ಹೊರಗೆ! ಮಗುಚಿದ್ರೆ ನೀನೂ ಹೋಗ್ತೀಯ!” ಭಾವ ಕೂಗಿದ.

“ಇನ್ನೊಂದು ಸಲ ತಳ್ಳಿ ಭಾವ, ಒಂದೇ ಒಂದು ಸಲ!”

ತಳ್ಳಿದರು. ದೋಣಿ ಕದಲಲಿಲ್ಲ. ನೀರು ಅಲುಗದೆ ನಿಂತಿತ್ತು. ಅವನ ಮೂಗಿನ ಮುಂದೆ ದಂಡೆಯತ್ತ ತೇಲುತ್ತಿದ್ದ ಒಂದು ಹುಲ್ಲುಕಡ್ಡಿ ತಡೆಯಿತು, ತಿರುಗಿತು, ನಿಧಾನವಾಗಿ ಕಡಲಿನತ್ತ ಹೊರಟಿತು. ಇಳಿತ ಶುರುವಾಗಿತ್ತು. ಭಾವನೂ ಅದನ್ನು ಕಂಡ.

“ಆನಿಕೆ ಮರ ತನ್ನಿ, ಇನ್ನಷ್ಟು ವಾಲದ ಹಾಗೆ ಒತ್ತು ಕೊಡೋಣ,” ಎಂದ ಮೆಲ್ಲಗೆ. “ಬೇಗ.”

ಮರ ಬರುವವರೆಗೆ ಸಾಹೇಬ ಮಂಡಿಯೂರಿದಂತೆಯೇ ದೋಣಿಯ ವಾಲಿದ ಮಗ್ಗುಲಿಗೆ ಹೆಗಲು ಕೊಟ್ಟ. ನೀರು ಗಲ್ಲದಿಂದ ಎದೆಗೆ ಇಳಿಯಿತು. ಇಳಿದಷ್ಟೂ ದೋಣಿಯ ಭಾರ ಹೆಗಲಿಗೆ ಬಂತು.